ಪಶುಪತಿಯ ಮುಂದೆ ಹೇಳಿದ ಹೆಸರು

“ಪೂಜೆ ಯಾರ ಹೆಸರಿನಲ್ಲಿ?” ಕಠ್ಮಂಡುವಿನ ಪಶುಪತಿನಾಥನ ಗುಡಿಯಲ್ಲಿ ಅರ್ಚಕರು ಕನ್ನಡದಲ್ಲೇ ಕೇಳಿದಾಗ ಬೆಚ್ಚಿದೆ. ಎಪ್ಪತ್ತರ ದಶಕದ ಆ ಯಾತ್ರೆಯಲ್ಲಿ ಎಂಟು ದಿನದಿಂದ ಕಿವಿಗೆ ಕನ್ನಡ ಬಿದ್ದಿರಲಿಲ್ಲ. ಅಲ್ಲಿನ ಅರ್ಚಕರು ನಮ್ಮ ಕರ್ನಾಟಕದ ಕಡೆಯವರಂತೆ, ನಾನು ಉಟ್ಟ ಇಳಕಲ್ ಸೀರೆ ನೋಡಿ ಗುರುತಿಸಿದ್ದರು.

“ನಮ್ಮ ಮನಿಯವರ ಹೆಸರಿನ್ಯಾಗ್ರಿ. ತೀರಿಕೊಂಡಾರ. ಇಲ್ಲಿಗೆ ಬರೋ ಆಸೆ ಅವರದಿತ್ತು,” ಅಂದೆ.

“ಹೆಸರು ಹೇಳಬೇಕು, ತಾಯಿ.”

ನಮ್ಮ ಮುದ್ದೇಬಿಹಾಳದ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಯಾರಾದರೂ ಕೇಳಿದರೆ ಪಕ್ಕದಲ್ಲಿದ್ದವರು ಹೇಳುತ್ತಾರೆ. ಅಭ್ಯಾಸದಂತೆ ಪಕ್ಕಕ್ಕೆ ನೋಡಿದೆ. ಜೊತೆಗೆ ಬಂದಿದ್ದ ಮರಾಠಿ ಯಾತ್ರಿಕರು ಪಾಟನ್ ಪಟ್ಟಣದ ಹಳೇ ಗುಡಿಗಳನ್ನು ನೋಡಲು ಹೋಗಿದ್ದರು. ಇದ್ದಿದ್ದರೂ ಅವರಿಗೆ ಹೆಸರು ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ನಾನೇ ಹೇಳಿದೆ.

ಮದುವೆಯಾದ ಮೇಲೆ ಅದೇ ಮೊದಲ ಸಲ. ಊರಲ್ಲಾಗಿದ್ದರೆ ಇಡೀ ಓಣಿ ತಿರುಗಿ ನೋಡುತ್ತಿತ್ತು. ಅಲ್ಲಿ ಯಾರೂ ತಿರುಗಲಿಲ್ಲ. ಆ ಹೆಸರಿಗೆ ಓ ಎನ್ನಬೇಕಾದವರೂ ಇರಲಿಲ್ಲ.