ಚುಕ್ಕಿಯ ಮದುಮಗಳು

ದಶರಥ ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಅಲ್ಲಾಉದ್ದೀನನ ಬೋರ್ಡು ಬರೆಯುವ ಅಂಗಡಿಯಲ್ಲಿ ದಿನಗೂಲಿಯವನು. ತಾನು ದೊಡ್ಡ ಕಲಾವಿದನೆಂಬುದು ಅವನೊಬ್ಬನಿಗೇ ಗೊತ್ತಿದ್ದ ಗುಟ್ಟು. ೧೯೬೨ರಲ್ಲಿ ರದ್ದಿಯಲ್ಲಿ ಸಿಕ್ಕ ಮುಂಬಯಿಯ ಹಳೆಯ ಮಾಸಿಕವೊಂದು ಆ ಗುಟ್ಟನ್ನು ಕೆರಳಿಸಿತು. ಅದರ ತುಂಬ ಫ್ರಾನ್ಸಿನಲ್ಲಿ ಬರೆದ ಚಿತ್ರಗಳು. ಕಣ್ಣಿಗೆ ಬಿದ್ದ ಬೆಳಕನ್ನಷ್ಟೇ ಹಿಡಿದರೆ ಸಾಲದೆಂದು ಒಬ್ಬೊಬ್ಬ ಚಿತ್ರಕಾರ ಒಂದೊಂದು ದಾರಿ ಹಿಡಿದಿದ್ದ. ಸೆಜಾನ್ ಹಣ್ಣನ್ನೂ ಗುಡ್ಡವನ್ನೂ ಕಲ್ಲು ಕಟ್ಟಿದಂತೆ ಕಟ್ಟಿದ್ದ, ವ್ಯಾನ್ ಗೋ ಬಣ್ಣವನ್ನು ಸುಳಿ ತಿರುಗಿಸಿದ್ದ, ಗೋಗ್ಯಾಂ ದಪ್ಪ ಗೆರೆಯೊಳಗೆ ಸಪಾಟು ಬಣ್ಣ ತುಂಬಿದ್ದ, ಸೆರಾ ಬರೀ ಚುಕ್ಕಿ ಇಟ್ಟಿದ್ದ. ದಶರಥ ತಿಂಗಳೊಳಗೆ ನಾಲ್ವರೂ ಆಗಿ ನೋಡಿದ. ಯಾರಾಗಿಯೂ ನೆಲೆ ನಿಲ್ಲಲಿಲ್ಲ. ತಿಕೋಟಾದ ಕಿರಾಣಿ ಅಂಗಡಿಯ ಬೋರ್ಡಂತೂ ವ್ಯಾನ್ ಗೋನ ಸುಳಿಗೆ ಸಿಕ್ಕು ಓದಲು ಬಾರದಂತಾಯಿತು.

ಅಷ್ಟರಲ್ಲಿ ಬಬಲೇಶ್ವರದ ಗುರುಬಸವ್ವನ ಮಗಳು ಗೌರಾಬಾಯಿಯ ಮದುವೆ. ಬಾಗಿಲ ಪಕ್ಕದ ಗೋಡೆಗೆ ಆನೆ, ಮದುಮಕ್ಕಳ ಚಿತ್ರ ಬರೆಯಬೇಕು.

"ಇದೊಂದು ಕೆಡಿಸಿದಿ ಅಂದ್ರ ನನ್ನ ಅಂಗಡಿ ಮೆಟ್ಟಲಾ ಹತ್ತಬ್ಯಾಡ ಲೇ," ಎಂದು ಅಲ್ಲಾಉದ್ದೀನ ಕಳಿಸಿದ.

ದಶರಥ ಎರಡು ದಿನ ಚುಕ್ಕಿ ಇಟ್ಟ. ಕೆಂಪು, ಹಳದಿ, ನೀಲಿ. ದೂರ ನಿಂತವರ ಕಣ್ಣೇ ಅವನ್ನು ಬೆರೆಸಿಕೊಳ್ಳಬೇಕು. ಆ ಓಣಿಯ ಅಗಲ ಒಂದು ಚಕ್ಕಡಿಯಷ್ಟೇ ಎಂಬುದು ಮಹಾಶಯನ ತಲೆಗೆ ಹೊಳೆದಿರಲಿಲ್ಲ.

ಮದುವೆಯ ಮುನ್ನಾದಿನ ಗುರುಬಸವ್ವ ಹೊರಗೆ ಬಂದವಳು ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಏನೋ ಯಪ್ಪಾ ಇದು? ನನ್ನ ಮಗಳ ಮಾರಿಗೆ ಸಿಡುಬು ಎಬ್ಬಿಸಿಯಲ್ಲೋ."

"ಚುಕ್ಕಿರಿ ಅವು. ದೂರ ನಿಂತು ನೋಡಬೇಕ್ರಿ."

"ದೂರ ಎಲ್ಲೈತಿ ಇಲ್ಲೆ? ಹಿಂದ ಸರದ್ರ ಎದುರಿನವರ ಅಡಗಿಮನ್ಯಾಗ ಹೋಗಿ ನಿಂದರ್ತೇನಿ."

ಬೇಡಿಕೊಂಡು ಅವಳನ್ನು ಎದುರು ಮನೆಯ ಮಾಳಿಗೆಗೆ ಹತ್ತಿಸಿದ. ಗುರುಬಸವ್ವ ಸೆರಗು ಹಿಡಿದು ಬಹಳ ಹೊತ್ತು ನೋಡಿದಳು.

"ಖರೇನ ನಮ್ಮ ಗೌರಾ. ನಗಾಕತ್ತಾಳ ನೋಡು."

ದಶರಥ ಬರೆದದ್ದನ್ನು ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ.

"ಚಂದ ಐತಿ," ಎಂದಳು. "ಆದ್ರ ಬೀಗರು ಬಾಗಲಕ್ಕ ಬರ್ತಾರ, ಮಾಳಗಿಗಲ್ಲ. ನಡಿ, ಸುಣ್ಣ ಕಲಸು."

ತಾನೇ ಕಲಸಿ ತಾನೇ ಬಳಿದ. ಅದು ಒಣಗುವ ತನಕ ಕೂರಲಾರದೆ ಓಣಿಯ ಉದ್ದಕ್ಕೂ ಅಡ್ಡಾಡಿದ. ಆಮೇಲೆ ಕಪ್ಪು ಗೆರೆ, ಗೆರೆಯೊಳಗೆ ಸಪಾಟು ಬಣ್ಣ. ಈಗ ತಾನು ಗೋಗ್ಯಾಂ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದಾಗ ಬೆನ್ನ ಹಿಂದಿನಿಂದ ಗುರುಬಸವ್ವ, "ಆನಿ ಸೊಂಡಿ ಇನ್ನಷ್ಟು ಮ್ಯಾಲ ಎತ್ತೋ," ಎಂದಳು.

ಗೋಗ್ಯಾಂನಿಗೆ ಹೀಗೆ ಹೇಳುವವರು ಯಾರೂ ಇದ್ದಿರಲಿಕ್ಕಿಲ್ಲ. ನಾಳೆ ಅಂಗಡಿಯ ಮೆಟ್ಟಿಲು ಹತ್ತಬೇಕಾದ ದಶರಥ ಸೊಂಡಿಲನ್ನು ಮೇಲೆತ್ತಿದ.