ತಣ್ಣೀರು ಹೆಂಗಸರ ಮೈಗೆ ಆಗಿಬರುವುದಿಲ್ಲ

ತಣ್ಣೀರಿನಲ್ಲಿ ಈಜುವುದು ಹೆಂಗಸರ ಆರೋಗ್ಯಕ್ಕೆ ಬಹಳ ಒಳ್ಳೆಯದಂತೆ. ಮೊನ್ನೆ ವಾರಪತ್ರಿಕೆಯೊಂದರಲ್ಲಿ ಓದಿ ನಗು ಬಂತು. ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ನಾನು ಮದುವೆಯಾಗಿ ಹಿರೇಹಡಗಲಿಗೆ ಬಂದಾಗ ಈ ವಿಷಯದಲ್ಲಿ ತಜ್ಞರೆಂದರೆ ನಮ್ಮ ಮಾವನವರು. ಹೆಂಗಸರ ಮೈಗೆ ತಣ್ಣೀರು ಆಗಿಬರುವುದಿಲ್ಲ, ವಾಯು ಹಿಡಿಯುತ್ತದೆ ಎಂದು ಅವರು ಖಚಿತವಾಗಿ ಹೇಳುತ್ತಿದ್ದರು. ಹೇಳುವ ಹೊತ್ತಿಗೆ ಅತ್ತೆ ಚಳಿಗಾಲದ ಬೆಳಗಿನಲ್ಲಿ ಹೊಲದ ಬಾವಿಯ ಮೆಟ್ಟಿಲಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ಅವರದೇ ಧೋತರ ಒಗೆಯುತ್ತಿರುತ್ತಿದ್ದರು. ಒಗೆಯುವ ನೀರು ಬೇರೆ, ಈಜುವ ನೀರು ಬೇರೆ ಇರಬೇಕು. ನನಗೆ ವೈದ್ಯಶಾಸ್ತ್ರ ತಿಳಿಯದು.

ಅತ್ತೆ ತುಂಗಭದ್ರೆಯ ದಂಡೆಯ ಊರಿನವರು. ಹುಡುಗಿಯಾಗಿದ್ದಾಗ ಹೊಳೆಯಲ್ಲೇ ಬೆಳೆದವರು, ಮದುವೆಯಾದ ಮೇಲೆ ಒಮ್ಮೆಯೂ ಈಜಿರಲಿಲ್ಲ. ನಾನು ಬರುವ ಹೊತ್ತಿಗೆ ಮಂಡಿನೋವು ಹಿಡಿದಿತ್ತು. ಮಾವ ತರಿಸದ ಎಣ್ಣೆಯಿಲ್ಲ, ಕಟ್ಟಿಸದ ಪಟ್ಟಿಯಿಲ್ಲ.

ಒಂದು ದಿನ ಗಂಡಸರೆಲ್ಲ ಸಂತೆಗೆ ಹೋಗಿದ್ದಾಗ ನನ್ನ ಕೈಜಾರಿ ತಾಮ್ರದ ಕೊಡ ಬಾವಿಯ ತಳ ಸೇರಿತು. ಅಳುಮೋರೆ ಮಾಡಿ ನಿಂತೆ. ಅತ್ತೆ ಬೈಯಲಿಲ್ಲ. ಸೀರೆಯನ್ನು ಕಚ್ಚೆ ಹಾಕಿ ಬಿಗಿದು ಧುಮುಕಿಯೇ ಬಿಟ್ಟರು. ಕೊಡ ತಂದು ಮೆಟ್ಟಿಲ ಮೇಲಿಟ್ಟರು. ಆಮೇಲೆ ಹೊರಗೆ ಬರಬೇಕಲ್ಲ, ಬರಲಿಲ್ಲ. ಆ ದಡಕ್ಕೂ ಈ ದಡಕ್ಕೂ ಈಜುತ್ತಲೇ ಇದ್ದರು.

ಸಂತೆಯಿಂದ ಬೇಗ ಮರಳಿದ ಮಾವ ಮೇಲಿನಿಂದ ಇಣುಕಿದರು.

"ಏನ್ ಮಾಡಾಕತ್ತೀ?"

"ಕೊಡ ಹುಡುಕಾಕತ್ತೀನ್ರಿ."

ನಾನು ಕೊಡಕ್ಕೆ ಅಡ್ಡ ನಿಂತು ಸೆರಗು ಅಗಲ ಮಾಡಿದೆ. ಮಾವ ವಾಯುವಿನ ವಿಚಾರ ಶುರುಮಾಡಿದರು. ಅತ್ತೆ ಮತ್ತೆ ಹುಡುಕಲು ಮುಳುಗಿದರು.

ಅಂದಿನಿಂದ ನಮ್ಮ ಓಣಿಯ ಕೊಡಗಳಿಗೆ ಅದೇನಾಯಿತೋ. ನಮ್ಮದು ವಾರವಾರ ಬೀಳತೊಡಗಿತು. ಅಕ್ಕಪಕ್ಕದ ಮನೆಯವರವೂ ಬಿದ್ದವು. ಒಂದೊಂದು ಕೊಡ ಹುಡುಕಲು ನಾಲ್ಕೈದು ಹೆಂಗಸರು ಬೇಕಾಗುತ್ತಿತ್ತು. ಊರ ಕಟ್ಟೆಯ ಮೇಲೆ ಕೂತ ಗಂಡಸರು ಗಂಭೀರವಾಗಿ ಚರ್ಚಿಸಿ, ಈಗಿನ ಹೆಂಗಸರ ಕೈಯಲ್ಲಿ ಕಸುವಿಲ್ಲ ಎಂದು ತೀರ್ಮಾನಿಸಿದರು. ಆ ಕಸುವಿಲ್ಲದ ಕೈಗಳೇ ನನ್ನನ್ನು ಹೊಟ್ಟೆಯಡಿ ಹಿಡಿದು ತೇಲಿಸಿ ಈಜು ಕಲಿಸಿದವು. ಮಾವನವರು ಕೊಡಕ್ಕೆ ಕಟ್ಟಿಕೊಳ್ಳಲೆಂದು ಗಟ್ಟಿ ಹಗ್ಗವೊಂದನ್ನು ತಂದುಕೊಟ್ಟರು. ಒದ್ದೆ ಸೀರೆ ಒಣಹಾಕಲು ಬಹಳ ಅನುಕೂಲವಾಯಿತು.

ರಕ್ತ ಚೆನ್ನಾಗಿ ಹರಿಯುತ್ತದೆ, ನಿದ್ದೆ ಬರುತ್ತದೆ ಎಂದೆಲ್ಲ ಪತ್ರಿಕೆಯವರು ಬರೆದಿದ್ದಾರೆ. ಇರಬಹುದು. ನಾನೂ ಒಮ್ಮೆ ನೀರಿನಲ್ಲಿ ತೇಲುತ್ತ, ಇದರಿಂದ ಏನು ಹಿತವಾಗುತ್ತದೆ ಎಂದು ಅತ್ತೆಯನ್ನು ಕೇಳಿದ್ದೆ.

"ಮುಳುಗಿದಾಗ ಯಾರ್ ಕರದ್ರೂ ಕೇಳ್ಸಂಗಿಲ್ಲ ನೋಡು. ಅದು ಹಿತ."

ಅಷ್ಟರಲ್ಲಿ ಮೇಲಿನಿಂದ ಯಾರೋ ಚಹಾಕ್ಕಾಗಿ ಕೂಗಿದರು. ಇಬ್ಬರೂ ಮುಳುಗಿದೆವು.