ಅತ್ತೆ ಮತ್ತು ಅವರ ತಂಗಿ ಒಬ್ಬರೇ ಆದದ್ದು

ನನ್ನ ಪಿಎಚ್‌ಡಿಯ ವಿಷಯ ನಮ್ಮ ಐದು ತಾಲ್ಲೂಕುಗಳ ಅಡುಗೆಮನೆಯ ಮಾತು. ಕೊಟ್ಟೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತ, ರಜೆ ಸಿಕ್ಕಾಗ ಕೂಡ್ಲಿಗಿ, ಹಡಗಲಿ ಕಡೆಯ ಹೆಂಗಸರು ಮಾತಾಡುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಎಲ್ಲರಿಗಿಂತ ಹೆಚ್ಚು ಮಾತು ಕೊಟ್ಟವರು ಹೊಸಹಳ್ಳಿಯ ನನ್ನ ಅತ್ತೆ ಮತ್ತು ಹರಪನಹಳ್ಳಿ ಕಡೆಯ ಅರಸೀಕೆರೆಗೆ ಮದುವೆಯಾಗಿ ಹೋದ ಅವರ ತಂಗಿ. ನನ್ನ ಜೊತೆ ಇಬ್ಬರೂ ಧಾರಾಳವಾಗಿ ಮಾತಾಡಿದರು. ಅವರಿಬ್ಬರ ನಡುವೆ ಮಾತು ನಿಂತು ವರ್ಷಗಳಾಗಿದ್ದವು. ಯಾವುದೋ ಮದುವೆಯಲ್ಲಿ ಅತ್ತೆ ಮಾಡಿದ ಸಾರು ನೀರಾಗಿದೆ ಎಂದು ತಂಗಿ ಬೀಗರ ಎದುರಿಗೇ ಅಂದಿದ್ದರಂತೆ.

ಉಲ್ಲೇಖಗಳನ್ನು ಕೈಯಿಂದ ಬರೆಯುವ ಕಾಲ ಮುಗಿಯಿತು ಎಂದು ನನ್ನ ಮಾರ್ಗದರ್ಶಕರು ಲ್ಯಾಪ್‌ಟಾಪಿಗೆ ಒಂದು ತಂತ್ರಾಂಶ ಹಾಕಿಸಿದರು. ಯಾರ ಮಾತು, ಯಾವ ಇಸವಿ ಎಂದು ತುಂಬಿಸಿ ರೆಕಾರ್ಡಿಂಗನ್ನೂ ಸೇರಿಸಿದರೆ ಪಟ್ಟಿಯನ್ನು ಅದೇ ಮಾಡಿಕೊಳ್ಳುತ್ತದೆ. ಮನೆತನದ ಹೆಸರಿನ ಖಾನೆ ಖಾಲಿ ಬಿಟ್ಟರೆ ಮಾತ್ರ ಅದು ಮುಂದೆ ಹೋಗಲು ಬಿಡುತ್ತಿರಲಿಲ್ಲ. ಅಕ್ಕತಂಗಿಯರಿಬ್ಬರಿಗೂ ತವರಿನ ಮನೆತನವನ್ನೇ ಹಾಕಿದೆ. ಹೆಸರಿನದು ಮೊದಲ ಅಕ್ಷರ ಮಾತ್ರ ಬರೆಯುವುದು ಪದ್ಧತಿ, ಅದೂ ಒಂದೇ, ಮಾತಾಡಿದ ವರ್ಷವೂ ಒಂದೇ. ತಂತ್ರಾಂಶ ಇಬ್ಬರನ್ನೂ ನೋಡಿ, ಒಬ್ಬರನ್ನೇ ಎರಡು ಸಲ ಬರೆದಿದ್ದಾರೆ ಎಂದು ತೀರ್ಮಾನಿಸಿ, ಕೂಡಿಸಿಬಿಟ್ಟಿತು. ನನಗೆ ಗೊತ್ತಾಗಲಿಲ್ಲ.

ಗೊತ್ತಾದದ್ದು ಅತ್ತೆಗೆ. ಪ್ರಬಂಧದ ಕರಡಿನಲ್ಲಿ ತಮ್ಮ ಹೆಸರು ಎಲ್ಲೆಲ್ಲಿ ಬಂದಿದೆ ನೋಡುತ್ತೇನೆಂದು ಚಾಳೀಸು ಹಾಕಿಕೊಂಡು ಕೂತವರು ಮೂರನೆಯ ಅಧ್ಯಾಯದಲ್ಲಿ ಬೆರಳಿಟ್ಟು ನಿಂತರು.

“ಶೇಂಗಾ ಚಟ್ನಿಗೆ ನಾ ಬೆಲ್ಲ ಹಾಕಂಗಿಲ್ಲವಾ. ಇದು ಆಕಿ ಮಾತು.”

ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ತಂತ್ರಾಂಶದ್ದೇನೂ ತಪ್ಪಿಲ್ಲ, ಅಕ್ಕತಂಗಿಯರಿಗೆ ಹೆಸರಿಡುವಾಗ ಅವರ ತವರಿನವರೇ ಸ್ವಲ್ಪ ಯೋಚಿಸಬೇಕಿತ್ತು ಎಂದರು. ಇಬ್ಬರನ್ನೂ ಬೇರೆ ಮಾಡಿ, ಪೂರ್ತಿ ಹೆಸರು ಬರೆಯಲು ಒಪ್ಪಿಗೆ ಕೊಟ್ಟರು.

ಬೇರೆ ಮಾಡುವುದು ಸುಲಭವಿರಲಿಲ್ಲ. ರೆಕಾರ್ಡಿಂಗುಗಳೆಲ್ಲ ಒಂದೇ ಹೆಸರಿನಡಿ ಸೇರಿಹೋಗಿದ್ದವು. ಅಕ್ಕತಂಗಿಯರ ದನಿಯೂ ಒಂದೇ ಥರ. ಅತ್ತೆ ನನ್ನ ಪಕ್ಕ ಕೂತು ಒಂದೊಂದಾಗಿ ಕೇಳಿದರು. ತಮ್ಮದಕ್ಕೆ ತಲೆಯಾಡಿಸಿದರು, ತಂಗಿಯದಕ್ಕೆ ಮುಖ ತಿರುಗಿಸಿದರು. ಕೆಲಸ ಚೆನ್ನಾಗಿಯೇ ಸಾಗಿತು. ಒಂದು ತುಣುಕಿನ ಹತ್ತಿರ ಮಾತ್ರ ತಲೆಯೂ ಆಡಲಿಲ್ಲ, ಮುಖವೂ ತಿರುಗಲಿಲ್ಲ. ರೊಟ್ಟಿಗೆ ಜೋಳದ ಹಿಟ್ಟು ನಾದಲು ಕುದಿನೀರಿನ ಎಸರು ಹಾಕಿದ ಮೇಲೆ ಯಾರ ಜೊತೆಗೂ ಮಾತಾಡುತ್ತ ನಿಲ್ಲಬಾರದು, ಹಿಟ್ಟು ಆರುತ್ತದೆ ಎನ್ನುವ ಮಾತು. ಮತ್ತೆ ಹಾಕು ಎಂದರು. ಹಾಕಿದೆ. ಮತ್ತೊಮ್ಮೆ ಅಂದರು.

“ಆಕಿಗೆ ಫೋನ್ ಹಚ್ಚು.”

ಹಚ್ಚಿಕೊಟ್ಟೆ. ಅಷ್ಟು ವರ್ಷಗಳ ಮೇಲೆ ಅತ್ತೆ ಆಡಿದ ಮೊದಲ ಮಾತಿನಲ್ಲಿ ಕುಶಲ ವಿಚಾರಣೆ ಇರಲಿಲ್ಲ. ಎಸರಿನ ಮಾತು ನೀನು ಅಂದಿದ್ದಾ, ನಾನು ಅಂದಿದ್ದಾ ಎಂದು ನೇರವಾಗಿ ಕೇಳಿದರು. ಆ ಕಡೆಯ ದನಿ ನನಗೂ ಕೇಳುತ್ತಿತ್ತು.

“ಯಾರು ಅಂದ್ರೇನಕ್ಕಾ,” ಎಂದರು ತಂಗಿ. “ಅದು ಅವ್ವನ ಮಾತಲ್ಲೇನು?”

ಅತ್ತೆ ಹೌದು ಎಂದರು. ಆಮೇಲೆ ಫೋನ್ ಹಿಡಿದುಕೊಂಡೇ ಹಿತ್ತಲಿಗೆ ಹೋದರು. ಬ್ಯಾಟರಿ ಮುಗಿದ ಮೇಲೆ ತಂದುಕೊಟ್ಟರು. ಕಣ್ಣು ಕೆಂಪಾಗಿತ್ತು.

ಅವರ ಅವ್ವ ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಆ ಮಾತನ್ನು ಅವರ ಹೆಸರಿಗೇ ಸೇರಿಸಿದೆ. ತಂತ್ರಾಂಶ ಇಸವಿ ಕೇಳಿತು. ಅಕ್ಕತಂಗಿಯರನ್ನು ಕೇಳಿದರೆ ಇಬ್ಬರಿಗೂ ಗೊತ್ತಿರಲಿಲ್ಲ. ಖಾಲಿ ಬಿಟ್ಟೆ. ಅದು ತಾನಾಗಿಯೇ ‘ದಿನಾಂಕವಿಲ್ಲ’ ಎಂದು ಹಾಕಿಕೊಂಡಿತು.

ಪ್ರಬಂಧ ಒಪ್ಪಿಗೆಯಾಯಿತು. ಅತ್ತೆ ಈಗ ಆಗಾಗ ಹರಪನಹಳ್ಳಿ ಬಸ್ಸು ಹತ್ತಿ ಅರಸೀಕೆರೆಗೆ ಹೋಗುತ್ತಾರೆ. ಏನು ಮಾತಾಡಿದಿರಿ ಎಂದು ಕೇಳಿದರೆ, ಬರೇ ಮೊಣಕಾಲು ನೋವಿನ ಸುದ್ದಿ ಎನ್ನುತ್ತಾರೆ.